ಚಾಚಾ ಮುಂದೆ ನಡೆಯಬೇಕಾಗಿದ್ದ ಮೈದಾನ

ಹುಕುಂ ಬಂದಾಗ ನಮ್ಮ ಶಾಲೆಯಲ್ಲಿ ಬ್ಯಾಂಡೇ ಇರಲಿಲ್ಲ.

ಸಿಂಧನೂರಿನ ಮಿಡ್ಲ್ ಸ್ಕೂಲು. ನಿಜಾಮ ಸರ್ಕಾರದ ಕಾಲ. ಹುಡುಗರು ಮನೆಯಲ್ಲಿ ಕನ್ನಡ ಆಡಿ ಬಂದು, ಶಾಲೆಯಲ್ಲಿ ಉರ್ದುವಿನಲ್ಲಿ ಮಗ್ಗಿ ಹೇಳುತ್ತಿದ್ದರು. ನಾನು ಲೆಕ್ಕದ ಮಾಸ್ತರ. ಇದ್ದ ಐದು ಮಂದಿಯಲ್ಲಿ ಕಿರಿಯವನಾದ್ದರಿಂದ ಡ್ರಿಲ್ಲೂ ನನ್ನ ಪಾಲಿಗೇ ಬಿದ್ದಿತ್ತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಗುರುಗುಂಟಾದಿಂದ ಅವ್ವನನ್ನು ಕರೆತಂದು ಒಂದು ಕೋಣೆಯ ಮನೆ ಹಿಡಿದಿದ್ದೆ. ಖಾಯಂ ಆಗುವ ತನಕ ಆ ಮನೆಗೂ ನನಗೂ ಯಾವ ಭರವಸೆಯೂ ಇರಲಿಲ್ಲ.

ನಿಜಾಮ ಹುಜೂರರ ಸಾಲಗಿರಾ, ಅಂದರೆ ಹುಟ್ಟಿದ ದಿನದ ಹಬ್ಬ, ನಲವತ್ತು ದಿನಕ್ಕಿತ್ತು. ಸುತ್ತಲಿನ ಶಾಲೆಗಳೆಲ್ಲ ತಮ್ಮ ತಮ್ಮ ಬ್ಯಾಂಡು ಕಟ್ಟಿಕೊಂಡು ಲಿಂಗಸುಗೂರಿಗೆ ಬರಬೇಕು, ಹಳೇ ಛಾವಣಿ ಮೈದಾನದಲ್ಲಿ ಸಾಹೇಬರ ಮುಂದೆ ಸಲಾಮಿ ನುಡಿಸುತ್ತ ನಡೆಯಬೇಕು, ಇಷ್ಟು ಹುಕುಮಿನಲ್ಲಿತ್ತು. ಹೆಡ್ ಮಾಸ್ತರ ಸಾಹೇಬರು ಹೈದರಾಬಾದಿನವರು, ಮೆತ್ತಗಿನ ಮನುಷ್ಯ. ಕಾಗದವನ್ನು ಎರಡು ಸಲ ಓದಿ ನನ್ನ ಮುಂದಿಟ್ಟರು.

"ಡ್ರಿಲ್ ನಿಮ್ಮದು. ಬ್ಯಾಂಡ್ ಅಂದರೆ ಡ್ರಿಲ್ಲಿನ ತಮ್ಮನೇ ಅಲ್ಲವೇ?" ಎಂದು ಉರ್ದುವಿನಲ್ಲಿ ಕೇಳಿ, ತಾವೇ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಊರ ಭಜನೆಯಲ್ಲಿ ತಾಳ ಹಾಕಿದ್ದು ಬಿಟ್ಟರೆ ವಾದ್ಯ ಮುಟ್ಟಿದವನಲ್ಲ ನಾನು.

ಲಿಂಗಸುಗೂರಿನಲ್ಲಿ ಹಿಂದೆ ಸೈನ್ಯದ ಪಲ್ಟಣಿನ ಛಾವಣಿ ಇತ್ತು. ಪಲ್ಟಣು ಎತ್ತಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಅದರ ಹಳೇ ಸಾಮಾನು ಅಲ್ಲಿನ ಸರ್ಕಾರಿ ಗೋದಾಮಿನಲ್ಲಿ ಬಿದ್ದಿತ್ತು. ಹೆಡ್ ಮಾಸ್ತರ ಸಾಹೇಬರು ಅರ್ಜಿ ಬರೆದು, ಎರಡು ಚಕ್ಕಡಿ ಸಾಮಾನು ತರಿಸಿದರು. ಬಿಚ್ಚಿ ನೋಡಿದರೆ ಹತ್ತು ಮರದ ಅಡ್ಡಕೊಳಲು, ಅದರಲ್ಲಿ ನಾಲ್ಕು ಸೀಳಿದ್ದವು. ಎರಡು ಬ್ಯೂಗಲ್, ಒಂದು ತುಳಿದಂತೆ ಚಪ್ಪಟೆಯಾಗಿತ್ತು. ನಾಲ್ಕು ಸಣ್ಣ ಡೋಲು, ಒಂದು ದೊಡ್ಡ ಡೋಲು. ದೊಡ್ಡ ಡೋಲಿನ ಒಂದು ಮುಖದಲ್ಲಿ ಇಲಿ ಸಂಸಾರ ಮಾಡಿತ್ತು.

ಚಪ್ಪಟೆ ಬ್ಯೂಗಲನ್ನು ಮೊದಲು ನೇರ ಮಾಡಿಸಬೇಕೆಂದು ಪೇಟೆಯ ಹಿಂದಿನ ಓಣಿಯ ಕಲಾಯಿ ಅಂಗಡಿಗೆ ಒಯ್ದೆ. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಮುದುಕರೊಬ್ಬರು ಅಲ್ಲಿದ್ದರು. ಊರೆಲ್ಲ ಅವರಿಗೆ ಚಾಚಾ ಅನ್ನುತ್ತಿತ್ತು. ಅವರು ಬ್ಯೂಗಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಲಿಲ್ಲ. ನೆಟ್ಟಗೆ ತುಟಿಗೆ ಇಟ್ಟರು. ಅಂಥ ಮುರುಕು ಸಾಮಾನಿನಿಂದ ಒಂದು ಉದ್ದನೆಯ, ನಡುಗದ ಸ್ವರ ಹೊರಟಿತು. ಓಣಿಯ ನಾಯಿ ಎದ್ದು ನಿಂತಿತು.

"ಎಲ್ಲಿ ಸಿಕ್ತು ಮಾಸ್ತರ್ ಇದು?"

"ಲಿಂಗಸುಗೂರು ಗೋದಾಮಿನ್ಯಾಗ. ಛಾವಣಿದಂತ."

"ಛಾವಣಿದ ಹೌದು," ಅಂದರು. "ನಾ ಸಣ್ಣಾಂವ ಇದ್ದಾಗ ಪಲ್ಟಣಿನ ಬ್ಯಾಂಡಿನ್ಯಾಗ ಕೊಳಲು ಊದ್ತಿದ್ದೆ. ಮೂರನೇ ಸಾಲು, ಬಲಗಡಿ ತುದಿ. ಪಲ್ಟಣ್ ಎತ್ತಿದ್ರು, ನಾ ಇಲ್ಲಿ ಬಂದು ತಿದಿ ಊದಾಕತ್ತೀನಿ."

ಮರುದಿನ ಶಾಲೆ ಬಿಡುವ ಹೊತ್ತಿಗೆ ಅವರೇ ಬಂದರು. ಸಾಮಾನೆಲ್ಲ ಅಂಗಳದಲ್ಲಿ ಹರವಿ ಕೂತರು. ಸೀಳಿದ ಕೊಳಲುಗಳಿಗೆ ಅರಗು ತುಂಬಿ, ಮೇಲೆ ನೂಲು ಸುತ್ತಿ ಮೇಣ ತಿಕ್ಕಿದರು. ಎಲ್ಲ ಕೊಳಲುಗಳನ್ನೂ ಎರಡು ದಿನ ಕುಸುಬಿ ಎಣ್ಣೆಯಲ್ಲಿ ನೆನೆಸಿ, ನೆರಳಲ್ಲಿ ಒರಗಿಸಿಟ್ಟರು. "ಬಿಸಲಿಗೆ ಇಟ್ರ ಮತ್ತ ಬಾಯಿ ಬಿಡ್ತಾವ." ಸಣ್ಣ ಡೋಲಿಗೆ ಆಡಿನ ತೊಗಲು, ದೊಡ್ಡದಕ್ಕೆ ಕರುವಿನ ತೊಗಲು. ತೊಗಲನ್ನು ರಾತ್ರಿಯೆಲ್ಲ ನೀರಲ್ಲಿ ಬಿಟ್ಟು, ಹಸಿಯಿದ್ದಾಗಲೇ ಬಳೆಗೆ ಸುತ್ತಿ, ಹಗ್ಗ ಹಾಕಿ, ಒಣಗುತ್ತ ಒಣಗುತ್ತ ದಿನಕ್ಕೆ ಒಂದಿಷ್ಟು ಬಿಗಿಯಬೇಕು. ಒಮ್ಮೆಲೇ ಬಿಗಿದರೆ ಹರಿಯುತ್ತದೆ. ಮೊದಲನೇ ಡೋಲನ್ನು ನಾನು ಅವಸರ ಮಾಡಿ ಹರಿದೆ. ಅವರು ಇನ್ನೊಂದು ತೊಗಲು ನೆನೆಹಾಕಿದರು.

ಹದಿನೈದು ಹುಡುಗರನ್ನು ಆರಿಸಿದೆವು. ದಢೇಸುಗೂರಿನ ಒಬ್ಬ ಹುಡುಗ ಸಿಂಧನೂರಿನ ತನ್ನ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಸಣ್ಣ ಮೈ, ದೊಡ್ಡ ಕಿವಿ. ಒಂದು ಸಲ ಕೇಳಿದ್ದನ್ನು ತಿರುಗಿ ಊದಿ ತೋರಿಸುತ್ತಿದ್ದ. ಅವನೇ ಮೊದಲ ಕೊಳಲು. ದೊಡ್ಡ ಡೋಲಿಗೆ ಗೊರೇಬಾಳದಿಂದ ದಿನಾ ನಡೆದು ಬರುವ ಗಟ್ಟಿ ಹುಡುಗ. ಅವನು ಮಾತು ಕಡಿಮೆ, ಪಾಠ ಅದಕ್ಕಿಂತ ಕಡಿಮೆ. ಆದರೆ ಅವನ ಕೈಗೆ ಒಮ್ಮೆ ಲಯ ಸಿಕ್ಕರೆ ಸಿಡಿಲು ಬಿದ್ದರೂ ಅಲುಗುತ್ತಿರಲಿಲ್ಲ.

ನನ್ನ ಹತ್ತಿರ ಸಲಾಮಿ ಧಾಟಿಯ ಅಚ್ಚಾದ ಕಾಗದವಿತ್ತು, ಗೆರೆಗಳ ಮೇಲೆ ಕಪ್ಪು ಚುಕ್ಕೆ. ನನಗೆ ಓದಲು ಬರುತ್ತಿರಲಿಲ್ಲ, ಚಾಚಾಗೂ ಬರುತ್ತಿರಲಿಲ್ಲ. "ಅದನ್ನ ಮಡಚಿ ಇಡ್ರಿ. ನನ್ನ ಕಿವಿಯಾಗ ಐತಿ," ಎಂದರು. ಮೊದಲ ಎಂಟು ದಿನ ಹುಡುಗರ ಕೈಗೆ ವಾದ್ಯವನ್ನೇ ಕೊಡಲಿಲ್ಲ. ಬರೀ ನಡೆಸಿದರು. ತೊಡೆ ತಟ್ಟುತ್ತ, ಬಾಯಲ್ಲಿ ತೂ ತೂ ತುತ್ತೂ ಎನ್ನುತ್ತ ನಡೆಯುವುದು. ದೊಡ್ಡ ಡೋಲಿನ ಪೆಟ್ಟು ಎಡಗಾಲಿಗೇ ಬೀಳಬೇಕು. ಬಲಗಾಲಿಗೆ ಬಿದ್ದರೆ ಎಲ್ಲರೂ ನಿಂತು, ಮತ್ತೆ ಮೊದಲಿನಿಂದ.

ಉಸಿರು ಕಲಿಸಿದ್ದು ಅಂಗಡಿಯಲ್ಲಿ. ಇಬ್ಬಿಬ್ಬರಂತೆ ಕೊಳಲಿನ ಹುಡುಗರನ್ನು ಕರೆದು ತಿದಿಯ ಮುಂದೆ ಕೂಡಿಸುತ್ತಿದ್ದರು.

"ಕೆಂಡ ನೋಡ್ರಿ. ಒಮ್ಮೆ ಉರದು ಒಮ್ಮೆ ಕಪ್ಪಾದ್ರ ನಿಮ್ಮ ಗಾಳಿ ಸುಳ್ಳು. ಒಂದ ನಮೂನಿ ಕೆಂಪಗ ಇರಬೇಕು. ಎದಿನೂ ಹಂಗ ಒತ್ತಬೇಕು, ಮೆಲ್ಲಕ."

ಹುಡುಗರ ಕೆನ್ನೆಗೆಲ್ಲ ಮಸಿ. ಮನೆಯವರು ನನ್ನನ್ನು ಬಂದು ಕೇಳಿದರು, "ಸಾಲಿಗೆ ಕಳಸೀವೋ, ಕಲಾಯಿ ಕಲಿಯಾಕ ಕಳಸೀವೋ?" ನಾನು ಏನೋ ಹೇಳಿ ಸಮಾಧಾನ ಮಾಡಿದೆ. ಇಪ್ಪತ್ತನೇ ದಿನಕ್ಕೆ ಧಾಟಿಯ ಮೊದಲ ಅರ್ಧ ಕೂಡಿ ಬಂತು. ಆ ಸಂಜೆ ಹೆಡ್ ಮಾಸ್ತರ ಸಾಹೇಬರು ಕುರ್ಚಿ ಹೊರಗೆ ಹಾಕಿಸಿಕೊಂಡು ಕೇಳಿದರು. ಮುಗಿದ ಮೇಲೂ ಎದ್ದು ಹೋಗಲಿಲ್ಲ.

ಅದೇ ವಾರ ಚಾಚಾ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. ಇಷ್ಟು ದಿನದಲ್ಲಿ ಅವರು ನಮ್ಮಲ್ಲಿ ಕೇಳಿದ್ದು ಅದೊಂದೇ.

"ಬ್ಯಾಂಡಿನ ಮುಂದ ಕೋಲು ಹಿಡದು ಒಬ್ಬ ನಡೀತಾನಲ್ರೀ, ಅವತ್ತು ನಾ ನಡೀಲ್ಯಾ? ಆ ಮೈದಾನದಾಗ ನಾ ಮೂರನೇ ಸಾಲಿನ್ಯಾಗ ನಡದೀನಿ, ಮುಂದ ಎಂದೂ ನಡದಿಲ್ಲ. ವಯಸ್ಸು ಬರೂದ್ರಾಗ ಛಾವಣಿನ ಹೋತು."

"ನೀವಲ್ಲದ ಮತ್ಯಾರು ಚಾಚಾ? ನೀವ ನಡೀಬೇಕು," ಅಂದೆ. ಮನಸ್ಸಿನಿಂದಲೇ ಅಂದೆ. ಆ ಮಾತು ಹೇಳುವಾಗ ನನ್ನಲ್ಲಿ ಮೋಸವಿರಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು, ಮುಂದಿನದನ್ನೂ ಬರೆಯಬೇಕಾಗಿರುವುದರಿಂದ.

ಮೋಸ ಶುರುವಾದದ್ದು ನಾಲ್ಕು ದಿನದ ಮೇಲೆ, ಒಂದು ಫಾರಮಿನಲ್ಲಿ. ಯಾವ ಶಾಲೆ, ಎಷ್ಟು ಹುಡುಗರು, ಯಾವ ವಾದ್ಯ, ತಯಾರಿ ಮಾಡಿಸಿದವರ ಹೆಸರು. ನಾನು ನನ್ನ ಹೆಸರು ಬರೆದೆ. ಹೆಡ್ ಮಾಸ್ತರ ಸಾಹೇಬರು ಸಹಿಗೆ ಮೊದಲು ಬೆರಳು ಅಲ್ಲೇ ಇಟ್ಟು, "ಚಾಚಾ?" ಅಂದರು.

"ಅವರು ಶಾಲೆಯ ನೌಕರರಲ್ಲವಲ್ಲ ಸಾಹೇಬ್. ಇದು ಬರೇ ಕಾಗದದ ಕೆಲಸ."

ಅವರು ಸಹಿ ಮಾಡಿದರು. ನನ್ನನ್ನು ಖಾಯಂ ಮಾಡುವ ಫೈಲು ತಾಲೀಮಾತಿನ ಸಾಹೇಬರ, ಅಂದರೆ ಶಾಲೆಗಳನ್ನೆಲ್ಲ ತಪಾಸು ಮಾಡುವ ಅಧಿಕಾರಿಯ, ಮೇಜಿನ ಮೇಲಿತ್ತು. ಈ ಫಾರಮೂ ಅದೇ ಮೇಜಿಗೆ ಹೋಗುವುದಿತ್ತು. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಹಬ್ಬಕ್ಕೆ ಮೂರು ದಿನ ಮೊದಲು ಎರಡು ಚಕ್ಕಡಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಒಂದರಲ್ಲಿ ಸಾಮಾನು, ಒಂದರಲ್ಲಿ ಸಣ್ಣ ಹುಡುಗರು, ದೊಡ್ಡವರು ನಡಿಗೆ. ಚಾಚಾ ಒಂದು ಕರೀ ಕೋಟು ಗಂಟು ಕಟ್ಟಿ ತಂದಿದ್ದರು. ಮನೆಯಲ್ಲಿ ಚಾಚಿ ಅದಕ್ಕೆ ಹೊಸ ಅಸ್ತರು ಹಾಕಿದ್ದರಂತೆ. ಗುಂಡಿಗಳಿಗೆ ಅವರೇ ಕಲಾಯಿ ಹಾಕಿ ಬೆಳ್ಳಿಯ ಹಾಗೆ ಮಾಡಿದ್ದರು. ಹುಡುಗರು ಬಿಚ್ಚಿ ತೋರಿಸೆಂದು ಪೀಡಿಸಿದರೆ, "ಮೈದಾನದಾಗ ನೋಡ್ರಿ," ಎಂದು ಗಂಟನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು.

ಮಸ್ಕಿ ಇನ್ನೂ ಹರದಾರಿ ದೂರ ಇರುವಾಗ ಮಳೆ ಹಿಡಿಯಿತು. ಎರೆಮಣ್ಣು ಗಾಲಿಗೆ ಮೆತ್ತಿ ಗಾಲಿ ಗುಂಡುಕಲ್ಲಾಯಿತು. ಹುಡುಗರು ಕುಡುಗೋಲಿನಿಂದ ಮಣ್ಣು ಕೆತ್ತುವುದು, ಎತ್ತು ನಾಲ್ಕು ಹೆಜ್ಜೆ ಇಡುವುದು, ಮತ್ತೆ ಕೆತ್ತುವುದು. ತಾಡಪತ್ರಿ ಸಾಲದೆ ಡೋಲುಗಳು ತೊಯ್ದವು. ಮಸ್ಕಿಯ ಚಾವಡಿಯಲ್ಲಿ ಇಳಿದು ಬಡಿದು ನೋಡಿದರೆ ದೊಡ್ಡ ಡೋಲು ಒದ್ದೆ ಗೋಣಿಚೀಲದ ಹಾಗೆ ಧಪ್ ಎಂದಿತು. ಡೋಲಿನ ಹುಡುಗ ನನ್ನ ಮುಖ ನೋಡಿದ. ನಾನು ಚಾಚಾರ ಮುಖ ನೋಡಿದೆ.

"ಬೆಂಕಿ ಬ್ಯಾಡ, ಹೊಗಿ ಬೇಕು," ಅಂದರು ಅವರು.

ಮರುದಿನ ಬೆಳಗಿನಿಂದ ಮಧ್ಯಾಹ್ನದ ತನಕ ಚಾವಡಿಯ ಹಿಂದೆ ಶೇಂಗಾ ಹೊಟ್ಟಿನ ಹೊಗೆ ಹಾಕಿ ಕೂತರು. ಡೋಲುಗಳನ್ನು ಒಂದೊಂದಾಗಿ ಮೊಣಕೈ ಎತ್ತರದಲ್ಲಿ ಹಿಡಿದು, ರೊಟ್ಟಿ ತಿರುವಿದ ಹಾಗೆ ತಿರುವುತ್ತ, ಅಂಗೈ ಇಟ್ಟು ನೋಡುತ್ತ, ಹಗ್ಗದ ಮೇಲಿನ ತೊಗಲಿನ ಕುಣಿಕೆಗಳನ್ನು ಒಂದೊಂದು ಬೆರಳಿನಷ್ಟು ಕೆಳಗೆ ಜಗ್ಗುತ್ತ. ಕೆಮ್ಮು ಹತ್ತಿತು, ಕಣ್ಣು ಕೆಂಪಾದವು. ನಾನು ಕೈ ಹಾಕಲು ಹೋದರೆ, "ನೀವು ಅವಸರದವರು," ಎಂದು ನಕ್ಕು ದೂರ ಸರಿಸಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ದೊಡ್ಡ ಡೋಲು ಮತ್ತೆ ಎದೆಗೆ ತಾಗುವ ಹಾಗೆ ಮಾತಾಡಿತು. ಮಸ್ಕಿಯ ಮಂದಿ ಗುಡ್ಡದ ಬುಡದಿಂದ ಕೇಳಿ ಬಂದು ನಿಂತರು. ಅವರ ಮುಂದೆಯೇ ಒಂದು ಸಲ ಪೂರ್ತಿ ನಡೆದು ನುಡಿಸಿದೆವು. ಚಾಚಾ ಒಂದು ಬೇವಿನ ಟೊಂಗೆಯನ್ನೇ ಕೋಲು ಮಾಡಿ ಹಿಡಿದು ಮುಂದೆ ನಡೆದರು. ನಮ್ಮ ಬ್ಯಾಂಡು ಅಷ್ಟು ಚೆನ್ನಾಗಿ ನುಡಿದದ್ದು ಅದೇ ಮೊದಲು. ಅದೇ ಕೊನೆ ಕೂಡ.

ಹಬ್ಬದ ದಿನ ಲಿಂಗಸುಗೂರಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆದಿದ್ದರು, ಶಾಮಿಯಾನ ಹಾಕಿದ್ದರು. ನಾಲ್ಕು ಶಾಲೆಗಳ ಬ್ಯಾಂಡು. ನಮ್ಮ ಹುಡುಗರಿಗೆ ಬಿಳಿ ಅಂಗಿ, ಖಾಕಿ ಚಡ್ಡಿ, ಎರವಲು ತಂದ ಕೆಂಪು ಟೋಪಿ. ಚಾಚಾ ಕೋಟು ತೊಟ್ಟು, ಅಲ್ಲಿನ ಗೋದಾಮಿನಿಂದ ತರಿಸಿದ ಹಳೇ ಉದ್ದ ಕೋಲು ಹಿಡಿದು, ಸಾಲಿನ ಮುಂದೆ ನಿಂತಿದ್ದರು. ಬೆನ್ನು ನೆಟ್ಟಗಾಗಿ ಹತ್ತು ವರ್ಷ ಕಡಿಮೆ ಕಾಣುತ್ತಿದ್ದರು.

ತಾಲೀಮಾತಿನ ಸಾಹೇಬರು ಸಾಲು ನೋಡುತ್ತ ಬಂದು ಚಾಚಾರ ಮುಂದೆ ನಿಂತರು. "ಇವರು ಯಾರು? ಶಾಲೆಯಲ್ಲಿ ಏನು ಕೆಲಸ?" ಎಂದು ಕೇಳಿದರು. ಹೆಡ್ ಮಾಸ್ತರ ಸಾಹೇಬರು ಆ ಅಧಿಕಾರಿಯನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಒಬ್ಬರೇ ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಹಾಳೆ, ಪೆನ್ನು.

"ಅವರು ಕೆಟ್ಟವರಲ್ಲ," ಅಂದರು. "ಶಾಲೆಯವರು ಮಾತ್ರ ನಡೆಯಬೇಕೆಂದು ಕಾಯಿದೆ. ಆದರೆ ಬ್ಯಾಂಡು ಕಲಿಸಿದ ಉಸ್ತಾದರಾದರೆ ಬಿಡುತ್ತೇನೆ ಅನ್ನುತ್ತಾರೆ. ಫಾರಮಿನಲ್ಲಿ ಬೇರೆ ಹೆಸರಿದೆಯಲ್ಲ. ಕಲಿಸಿದವರು ಇವರು ಎಂದು ನೀವು ಒಂದು ಸಾಲು ಬರೆದುಕೊಟ್ಟರೆ ಸಾಕು. ಕೆಳಗೆ ನಾನೂ ಸಹಿ ಮಾಡುತ್ತೇನೆ."

ಒಂದು ಸಾಲು. ಪೆನ್ನು ನನ್ನ ಕೈಗೆ ಬಂತು. ಆ ಸಾಲು ಬರೆದರೆ, ಮೊದಲು ಬರೆದದ್ದು ಸುಳ್ಳು ಎಂದು ನಾನೇ ಬರೆದುಕೊಟ್ಟ ಹಾಗೆ. ಅದನ್ನು ಓದುವವರ ಮೇಜಿನ ಮೇಲೆ ನನ್ನ ಫೈಲು. ಅವ್ವನ ಮುಖ ನೆನಪಾಯಿತು, ಗುರುಗುಂಟಾಕ್ಕೆ ತಿರುಗಿ ಹೋಗುವ ಚಕ್ಕಡಿ ನೆನಪಾಯಿತು. ಒಂದು ಸಾಲಿಗೆ ಯಾರೂ ನನ್ನನ್ನು ನೌಕರಿಯಿಂದ ತೆಗೆಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗಲೂ ಅನಿಸಿತ್ತೋ ಏನೋ. ಅನಿಸಿದ್ದನ್ನು ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ.

"ಸಾಹೇಬ್, ಈಗ ಬದಲು ಮಾಡಿದರೆ ಶಾಲೆಯ ಹೆಸರಿಗೂ ಕೆಟ್ಟದ್ದು," ಅಂದೆ.

ಅವರು ನನ್ನನ್ನೇ ನೋಡಿದರು. ಹಾಳೆಯನ್ನು ಮಡಚಿ ಶೇರವಾನಿಯ ಜೇಬಿಗೆ ಇಟ್ಟುಕೊಂಡರು. "ಹಾಗಾದರೆ ನೀವೇ ಹೇಳಿ ಅವರಿಗೆ," ಎಂದು ಶಾಮಿಯಾನದ ಕಡೆ ನಡೆದರು.

ನಾನು ಚಾಚಾರನ್ನು ಬೇವಿನ ಮರದ ಹತ್ತಿರ ಕರೆದೆ. "ಕಾಯಿದಿ ಇಲ್ಲಂತ ಚಾಚಾ. ಸಾಲಿಯವರ ನಡೀಬೇಕಂತ. ನಾ ಭಾಳ ಹೇಳಿದೆ, ಸಾಹೇಬ್ರು ಒಲ್ಲೆ ಅಂದ್ರು."

ಅವರು ಸ್ವಲ್ಪ ಹೊತ್ತು ಮೈದಾನ ನೋಡಿದರು. ಮೂರನೇ ಸಾಲು ಎಲ್ಲಿ ಬರುತ್ತಿತ್ತೋ ಅಲ್ಲಿಯೇ ನೋಡುತ್ತಿದ್ದರೇನೋ. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟರು.

"ಎತ್ತಿದ್ರ ತಯಾರು, ಇಳಿಸಿದ್ರ ಶುರು, ಅಡ್ಡ ಹಿಡದ್ರ ಬಂದ್. ತಿರುವಿನ್ಯಾಗ ಅವಸರ ಮಾಡಬ್ಯಾಡ್ರಿ. ಹೆಜ್ಜಿ ಉದ್ದ ಗಿಡ್ಡ ಆಗಬೇಕು, ಹೊತ್ತು ಬದಲಾಗಬಾರದು. ನೀವು ಓಡಿದ್ರ ಹುಡುಗರ ಉಸಿರು ಹೋಗ್ತದ."

ತಮಗೆ ಮೋಸವಾಯಿತು ಎಂದು ಅವರು ಕೂಗಿದ್ದರೆ ನಾನು ಕರಗುತ್ತಿದ್ದೆನೋ ಏನೋ. ಅವರು ಪಾಠ ಹೇಳಿದರು. ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು. ಮಡಚಿ ಬಗಲಲ್ಲಿ ಇಟ್ಟುಕೊಂಡು ಮಂದಿಯ ನಡುವೆ ಹೋಗಿ ನಿಂತರು.

ಕೋಲು ಹಿಡಿದು ಬಂದ ನನ್ನನ್ನು ನೋಡಿ ಹುಡುಗರ ಸಾಲು ಅಲ್ಲಾಡಿತು. ಮೊದಲ ಕೊಳಲಿನ ಹುಡುಗ ಕೇಳಿದ, "ಚಾಚಾ ಎಲ್ರೀ ಸರ್?"

"ಬರಂಗಿಲ್ಲಂತ."

"ಯಾಕ್ರೀ? ಈಗರ ಇಲ್ಲೇ ನಿಂತಿದ್ರಲ್ರೀ?"

ಕಾಯಿದೆಯ ಮಾತನ್ನು ಅವರಿಗೂ ಹೇಳಬಹುದಿತ್ತು. ಆದರೆ ಹುಡುಗರು ಬಿಡದೆ ಕೇಳುವವರು. ಹೆಡ್ ಮಾಸ್ತರರ ಹತ್ತಿರ ಓಡಿದರೆ ಹಾಳೆಯ ಮಾತು ಹೊರಬೀಳುತ್ತದೆಂದು ಹೆದರಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅಂಜಿಕಿ ಆಗೇತಂತ. ಇಷ್ಟು ದೊಡ್ಡ ಮಂದಿ ನೋಡಿ ಒಲ್ಲೆ ಅಂದ್ರು. ಸಾಲು ಹಿಡೀರಿ."

ದೊಡ್ಡ ಡೋಲಿನ ಹುಡುಗ ಮಂದಿಯ ಕಡೆ ಒಮ್ಮೆ ಕತ್ತು ಹೊರಳಿಸಿದ.

ನಮ್ಮ ಸರದಿ ಬಂತು. ಕೋಲು ಎತ್ತಿದೆ, ಇಳಿಸಿದೆ. ಶುರು ಚೆನ್ನಾಗಿಯೇ ಆಯಿತು. ಉದ್ದನೆಯ ಗೆರೆ ದಾಟಿ ತಿರುವಿಗೆ ಬಂದೆವು. ತಿರುವಿನ ಆಚೆಗೆ ಶಾಮಿಯಾನ, ಕುರ್ಚಿಗಳ ಸಾಲು, ತಾಲೀಮಾತಿನ ಸಾಹೇಬರು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹೆಜ್ಜೆ ಜೋರಾಯಿತು, ಅದರ ಹಿಂದೆ ಕೋಲೂ ಜೋರಾಯಿತು. ಹಿಂದೆ ಕೊಳಲುಗಳು ಒಂದೊಂದಾಗಿ ಬಿದ್ದವು. ಯಾರದೋ ಸ್ವರ ಕಿರುಚಿತು, ಇನ್ನೊಬ್ಬನ ಉಸಿರು ಮುಗಿಯಿತು. ಎರಡು ಮೂರು ಹೆಜ್ಜೆಯಷ್ಟು ಹೊತ್ತು ಬರೀ ಡೋಲು. ಇಷ್ಟೇ, ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ದೊಡ್ಡ ಡೋಲು ನನ್ನನ್ನು ಬಿಟ್ಟಿತು. ನಾನು ಮುಂದೆ ಅವಸರದಲ್ಲಿ ಕೋಲು ಆಡಿಸುತ್ತಿದ್ದೇನೆ, ಹಿಂದೆ ಅದು ತನ್ನದೇ ನಿಧಾನಕ್ಕೆ, ಮಸ್ಕಿಯಲ್ಲಿ ಬಿದ್ದ ಅದೇ ಪೆಟ್ಟಿಗೆ ಬೀಳತೊಡಗಿತು. ಮೊದಲ ಕೊಳಲು ಅದನ್ನು ಹಿಡಿಯಿತು. ಆಮೇಲೆ ಉಳಿದವು. ಶಾಮಿಯಾನದ ಮುಂದೆ ಬರುವಷ್ಟರಲ್ಲಿ ಸಲಾಮಿ ಪೂರ್ತಿ ಕೂಡಿ ಬಂದಿತ್ತು. ನಾನು ಒಂದು ಸಲ ಹೊರಳಿ ನೋಡಿದೆ. ಹದಿನೈದು ಹುಡುಗರಲ್ಲಿ ಒಬ್ಬನ ಕಣ್ಣೂ ನನ್ನ ಕೋಲಿನ ಮೇಲಿರಲಿಲ್ಲ. ಮುಂದೆ ನಡೆಯುತ್ತಿದ್ದವನು ನಾನು, ಅಷ್ಟೇ. ಕೊನೆಗೆ ಬಂದ್ ಮಾಡುವುದಕ್ಕೂ ಅವರೇ ನಿಲ್ಲುವುದನ್ನು ಕಾಯ್ದು ಕೋಲು ಅಡ್ಡ ಹಿಡಿದೆ.

ಕುರ್ಚಿಯವರಿಗೆ ಇದೇನೂ ಕಾಣಲಿಲ್ಲ. ಚಪ್ಪಾಳೆ ಬಿತ್ತು. ನಾಲ್ಕು ಶಾಲೆಗಳಲ್ಲಿ ನಮ್ಮದೇ ಮೇಲು ಅಂದರು. ತಾಲೀಮಾತಿನ ಸಾಹೇಬರು ನನ್ನ ಹೆಗಲು ತಟ್ಟಿ, "ಬಹುತ್ ಖೂಬ್," ಎಂದರು. ಹಿಂದೆ ನಿಂತಿದ್ದ ಹೆಡ್ ಮಾಸ್ತರ ಸಾಹೇಬರು ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದರು.

ತಿರುಗಿ ಬರುವಾಗ ಚಾಚಾ ಸಾಮಾನಿನ ಚಕ್ಕಡಿಯಲ್ಲಿ ಕೂತರು. ಡೋಲುಗಳ ಹಗ್ಗ ಸಡಿಲು ಮಾಡಿದರು, ಕೊಳಲುಗಳ ಒಳಗೆ ಬಟ್ಟೆ ಎಳೆದು ಒರೆಸಿದರು, ಹೋಗುವಾಗ ಮಾಡಿದ ಎಲ್ಲ ಕೆಲಸವನ್ನೂ ಮಾಡಿದರು. ಹುಡುಗರು ಅವರ ಹತ್ತಿರ ಮೊದಲಿನ ಹಾಗೆ ಹೋಗಿ ಮೈಮೇಲೆ ಬೀಳಲಿಲ್ಲ. ಅಂಜಿದ ಮನುಷ್ಯನಿಗೆ ಏನು ಹೇಳಬೇಕೋ ಮಕ್ಕಳಿಗೆ ತಿಳಿಯುವುದಿಲ್ಲ. ಅವರು ಒಂದೆರಡು ಸಲ ತಾವೇ ಕರೆದರು. ಹೋದ ಹುಡುಗರು ಬೇಗ ತಿರುಗಿ ಬಂದರು. ನಾನು ಇನ್ನೊಂದು ಚಕ್ಕಡಿಯಲ್ಲಿ ಕೂತು ಇದನ್ನೆಲ್ಲ ನೋಡಿದೆ.

ಎರಡು ತಿಂಗಳಲ್ಲಿ ನನ್ನ ಖಾಯಂ ಹುಕುಂ ಬಂತು. ಚಾಚಾ ಮತ್ತೆ ಶಾಲೆಯ ಕಡೆ ಬರಲಿಲ್ಲ. ಬ್ಯಾಂಡಿನ ಸಾಮಾನು ಒಂದು ಕೋಣೆಯಲ್ಲಿ ಕೂತಿತು. ಕಲಾಯಿ ಓಣಿಯಿಂದ ಹೋದರೆ ಶಾಲೆ ಹತ್ತಿರ, ನಾನು ಸುತ್ತು ಹಾಕಿ ಕೆರೆ ಕಡೆಯಿಂದ ಹೋಗತೊಡಗಿದೆ. ಅವ್ವ ಒಂದು ದಿನ ಪಾತ್ರೆ ಮುಂದೆ ಹಿಡಿದು ಬೈದಳು: "ಕಲಾಯಿ ಹೋಗಿ ಹಸರು ಹತ್ತೇತಿ. ಸಾರು ಕೆಡಾಕತ್ತೇತಿ. ಇಲ್ಲೇ ಓಣ್ಯಾಗ ಚಾಚಾ ಅದಾನ, ಒಯ್ಯಾಕ ಏನು ಧಾಡಿ ನಿನಗ?" ನಾನು ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿ, ಮಸ್ಕಿಗೆ ಹೋಗುವ ಚಕ್ಕಡಿಯವನ ಕೈಯಲ್ಲಿ ಅಲ್ಲಿನ ಕಲಾಯಿಯವನಿಗೆ ಕಳಿಸಿದೆ. ಅವ್ವನಿಗೆ, ಚಾಚಾನ ಕೆಲಸ ಈಗ ಮೊದಲಿನ ಹಾಗಿಲ್ಲ ಅಂದೆ. ಅವರ ಮೇಲೆ ಅದು ನನ್ನ ಇನ್ನೊಂದು ಸುಳ್ಳು.

ಮರುವರ್ಷ ನನಗೆ ವರ್ಗವಾಯಿತು. ಹೊರಡುವ ಹಿಂದಿನ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಅಂಗಡಿಗೆ ಹೋದೆ. ಚಾಚಾ ಒಂದು ಹಂಡೆಯೊಳಗೆ ನವಸಾಗರದ ಪುಡಿ ಉದುರಿಸಿ ಬಟ್ಟೆಯಿಂದ ತಿಕ್ಕುತ್ತಿದ್ದರು. ಮಸ್ಕಿಯಲ್ಲಿ ಹತ್ತಿದ ಕೆಮ್ಮು ಬಿಟ್ಟಿರಲಿಲ್ಲ.

"ಚಾಚಾ, ಅವತ್ತು ಕಾಯಿದಿ ಅಂದಿದ್ದು..." ಎಂದು ಶುರು ಮಾಡಿದೆ.

"ಒಂದು ಹಾಳಿ ಇತ್ತು. ನೀವು ಬರೀಲಿಲ್ಲ," ಅಂದರು, ತಿಕ್ಕುವುದನ್ನು ನಿಲ್ಲಿಸದೆ. "ಹೆಡ್ ಮಾಸ್ತರ್ ಸಾಬ್ ಅವತ್ತ ಸಂಜಿಮುಂದ ಹೇಳಿದ್ರು. ಅವರಿಗೂ ಕೆಟ್ಟ ಅನಸಿತ್ತು."

ವರ್ಷವೆಲ್ಲ ಅವರಿಗೆ ಗೊತ್ತಿತ್ತು. "ಮಾಫ್ ಮಾಡ್ರಿ ಚಾಚಾ," ಅಂದೆ.

ಅವರು ಹಂಡೆಯನ್ನು ಇಳಿಸಿ ಪಕ್ಕಕ್ಕಿಟ್ಟರು.

"ನೌಕರಿ ದೊಡ್ಡದು, ಅದು ತಿಳೀತದ ನನಗ. ನನ್ನ ಮನಿಯಾಗೂ ಒಲಿ ಐತಿ. ಆದ್ರ ಹುಡುಗರಿಗೆ ನಾ ಅಂಜಿದೆ ಅಂತ ಯಾಕ ಹೇಳಿದ್ರಿ? ಆ ದಢೇಸುಗೂರಿನ ಪೋರ ಒಂದು ದಿನ ಬಂದು ನನಗ ಧೈರ್ಯ ಹೇಳಿ ಹೋದ. 'ಮುಂದಿನ ಸರತಿ ಅಂಜಬ್ಯಾಡ ಚಾಚಾ, ನಾ ನಿನ್ನ ಹಿಂದ ಇರ್ತೀನಿ' ಅಂದ. ಅಂವಗ ಏನು ಹೇಳ್ಲಿ? ನಿಮ್ಮ ಮಾಸ್ತರ್ ಸುಳ್ಳು ಹೇಳ್ಯಾನ ಅಂತ ಹೇಳ್ಲಾ? ಹೇಳಲಿಲ್ಲ. ಹೂಂ ಅಂದೆ." ಕೆಮ್ಮಿದರು. "ಮಾಫಿ ನನಗ ಬ್ಯಾಡ. ಹೋಗೂಕ ಮುಂಚೆ ಅವರಿಗೆ ಖರೆ ಮಾತು ಹೇಳಿ ಹೋಗ್ರಿ. ಅಷ್ಟ ಮಾಡ್ರಿ."

"ಹೇಳ್ತೀನಿ," ಅಂದೆ.

ಮರುದಿನ ಶಾಲೆ ಇತ್ತು. ಹುಡುಗರೆಲ್ಲ ಇದ್ದರು. ನನ್ನನ್ನು ಕಳಿಸಿಕೊಡಲು ಸಾಲಾಗಿ ನಿಂತು ಹೂವಿನ ಮಾಲೆ ಹಾಕಿದರು. ಹೆಡ್ ಮಾಸ್ತರ ಸಾಹೇಬರು ನನಗೆ ಎರಡು ಮಾತು ಆಡಲು ಹೇಳಿ ಪಕ್ಕಕ್ಕೆ ಸರಿದು ನಿಂತರು. ಅವರು ಯಾವ ಎರಡು ಮಾತು ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನು ಚೆನ್ನಾಗಿ ಓದಿರಿ, ಹಿರಿಯರ ಮಾತು ಕೇಳಿರಿ ಎಂದು ಹೇಳಿ ಚಕ್ಕಡಿ ಹತ್ತಿದೆ.

ನಿಜಾಮಶಾಹಿ ಹೋಯಿತು, ಶಾಲೆಗಳು ಕನ್ನಡವಾದವು. ಚಾಚಾ ತೀರಿಕೊಂಡ ಸುದ್ದಿ ಆ ಗದ್ದಲದ ನಡುವೆ ಯಾವಾಗಲೋ, ಯಾರದೋ ಬಾಯಿಂದ ಬಂತು. ಅದೇ ಕೆಮ್ಮು ಅಂದರು. ನಾನು ಹೋಗಲಿಲ್ಲ.

ಬಹಳ ವರ್ಷಗಳ ನಂತರ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಬಂದು ನನ್ನ ಕಾಲು ಮುಟ್ಟಿದ. ಗೊರೇಬಾಳದ ಡೋಲಿನ ಹುಡುಗ. ಕಾಲುವೆ ಕಚೇರಿಯಲ್ಲಿ ನೌಕರಿಯಂತೆ, ಮೂರು ಮಕ್ಕಳಂತೆ. ಮಾತು ಕಡಿಮೆಯಿದ್ದವನು ಈಗ ಬಹಳ ಮಾತಾಡುತ್ತಿದ್ದ. ಹೋಟೆಲಿಗೆ ಕರೆದೊಯ್ದು ಚಹಾ ಹೇಳಿದ. ಹಳೇ ಮಾತೆಲ್ಲ ಬಂದು, ಕೊನೆಗೆ ಬ್ಯಾಂಡಿಗೆ ಬಂತು.

"ಅಷ್ಟೆಲ್ಲಾ ಕಲಿಸಿದ ಮನಷ್ಯಾ, ಆಖೇರಿಗೆ ಅಂಜಿಬಿಟ್ರು ನೋಡ್ರಿ ಪಾಪ," ಅಂದ. "ನಾ ನನ್ನ ಮಕ್ಕಳಿಗೂ ಹೇಳ್ತಿರ್ತೀನ್ರೀ ಸರ್, ಎಷ್ಟ ಕಲ್ತರೂ ಧೈರ್ಯ ಬೇಕು ಅಂತ."

ಅವನ ಮಕ್ಕಳ ತನಕ ಹೋಗಿತ್ತು ಅದು. ನಾನು ಲೋಟ ಕೆಳಗಿಟ್ಟು ಹೇಳಿದೆ. ಫಾರಮು, ಹಾಳೆ, ಪೆನ್ನು, ಬೇವಿನ ಮರದ ಕೆಳಗೆ ಚಾಚಾಗೆ ಹೇಳಿದ್ದು, ಸಾಲಿನ ಮುಂದೆ ಹುಡುಗರಿಗೆ ಹೇಳಿದ್ದು, ಕಲಾಯಿ ಅಂಗಡಿಯಲ್ಲಿ ಮಾತು ಕೊಟ್ಟದ್ದು, ಯಾವುದನ್ನೂ ಬಿಡದೆ. ಅವನು ಮೇಜಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ. ನಡುವೆ ಒಂದು ಸಲವೂ ತಲೆ ಎತ್ತಲಿಲ್ಲ.

"ಅವತ್ತ ಹೇಳಿದ್ರ ನಾವು ಒಬ್ರೂ ಬಾರಸ್ತಿದ್ದಿಲ್ರೀ," ಅಂದ ಕೊನೆಗೆ.

"ಗೊತ್ತು," ಅಂದೆ.

"ಅವರು ಇರೂತನಕ ನಾ ದಿನಾ ಅದ ಓಣ್ಯಾಗ ಹೋಗ್ತಿದ್ದೆ. ಅವರಿಗೆ ನಾಚಿಕಿ ಆಗಬಾರದು ಅಂತ ಒಮ್ಮೆನೂ ಆ ಮಾತು ತೆಗೀಲಿಲ್ಲ. ಅವರೂ ತೆಗೀಲಿಲ್ಲ."

ಸಿಂಧನೂರಿನ ಬಸ್ಸು ಬಂದು ನಿಂತಿತು. ಅವನು ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದ. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ತನಕ ಹೋಗಿ, ಒಂದು ಕ್ಷಣ ನಿಂತ. ಏನೋ ಹೇಳುತ್ತಾನೆಂದು ನಾನೂ ಎದ್ದು ನಿಂತೆ. ಬರ್ತೀನಿ ಅನ್ನದೆ ಹೋಗಿ ಬಸ್ಸು ಹತ್ತಿದ.